ಬ್ರೆಜಿಲ್‌ನ ಗೋಲ್‌ಕೀಪರ್ ‘ಹೋದ’ ಪ್ರಸಂಗ

ನನಗೆ ಪೋರ್ಚುಗೀಸ್ ಬರುತ್ತದೆ ಎಂದು ನಾನು ಯಾರಿಗೂ ಹೇಳಿದವನಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ನಡೆದ ಅನಾಹುತಕ್ಕೆಲ್ಲ ಅಷ್ಟೇ ಕಾರಣ!

ಅಬುಧಾಬಿಯ ಹೋಟೆಲೊಂದರಲ್ಲಿ ನಾನು ರಿಸೆಪ್ಶನ್ ಸೂಪರ್‌ವೈಸರ್ ಆಗಿದ್ದೆ. ಬ್ರೆಜಿಲ್‌ನ ಒಂದು ಫುಟ್‌ಬಾಲ್ ಕ್ಲಬ್ ತರಬೇತಿಗೆಂದು ನಮ್ಮಲ್ಲಿಗೆ ಬರುವುದಿತ್ತು. ಬ್ರೆಜಿಲ್ ಎಂದರೆ ನೀವು ಟೀವಿಯಲ್ಲಿ ನೋಡುವ ಬ್ರೆಜಿಲ್ ಅಲ್ಲ. ಇದು ಯಾವುದೋ ಸಣ್ಣ ಊರಿನ ತಂಡ. ತಮ್ಮ ರಾಜ್ಯದ ಲೀಗಿನಲ್ಲೇ ಕೆಳಗಿನಿಂದ ಹುಡುಕಿದರೆ ಬೇಗ ಸಿಗುವಂಥದ್ದು. ಜೆರ್ಸಿಯ ಮೇಲೆ ಊರಿನ ಬೇಕರಿಯ ಜಾಹೀರಾತು.

ಲೆಬನಾನಿನವರಾದ ನಮ್ಮ ಮ್ಯಾನೇಜರ್ ನನ್ನ ಎದೆಯ ಮೇಲಿನ ಬ್ಯಾಡ್ಜ್ ಓದಿದರು. “ಡಿಸೋಜ! ಪೋರ್ಚುಗೀಸ್ ಹೆಸರಲ್ಲವಾ? ಇವರ ದುಭಾಷಿ ನೀನೇ. ಖಲಾಸ್!”

ಮನೆಗೆ ಬಂದು ಹೆಂಡತಿ ಲವೀನಾಳಿಗೆ ನನ್ನ ಬಡ್ತಿಯ ಸುದ್ದಿ ಹೇಳಿದೆ.

“ನಿಮಗೆ ಎಂತ ಮರ್ಲಾ ಮಾರಾಯ್ರೇ? ಪೋರ್ಚುಗೀಸ್ ಎಲ್ಲಿ ಬರ್ತದೆ ನಿಮಗೆ?”

“ಜನೇಲು, ಮೇಜು, ಚಾವಿ, ಸಾಬೂನು, ಬಟಾಟೆ, ಎಲ್ಲ ಅವರದ್ದೇ ಶಬ್ದ. ನಮ್ಮ ಕೊಂಕಣಿಯನ್ನೇ ಸ್ವಲ್ಪ ಮೂಗಿನಲ್ಲಿ ಮಾತಾಡಿದ್ರೆ ಆಯ್ತು.”

ಮೊದಲಿಗೆ ನನ್ನ ಸಿದ್ಧಾಂತವೇ ಗೆದ್ದಿತು. ದಪ್ಪ ಮೀಸೆಯ ಕೋಚ್ ಎಷ್ಟೇ ಉದ್ದ ಮಾತಾಡಲಿ, ಅದರಲ್ಲಿ ‘ಬಟಾಟ’ ಎಂದು ಕೇಳಿಸಿದರೆ ಬಟಾಟೆ ತರಿಸುತ್ತಿದ್ದೆ. ‘ಮೇಜ’ ಎಂದು ಕೇಳಿಸಿದರೆ ಮೇಜು. ಪಾಪ, ಕೊಟ್ಟದ್ದನ್ನು ತೆಗೆದುಕೊಂಡು ನಗುತ್ತಿದ್ದರು. ನಾನು ಮೂಗಿನಲ್ಲಿ ಕೊಂಕಣಿ ಸುರಿಸುತ್ತಲೇ ಇದ್ದೆ.

ಒಂದು ಸಂಜೆ ಮೈದಾನದಿಂದ ಕೋಚ್ ವಾಟ್ಸಾಪ್ ಕಳಿಸಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಎರಡೇ ಪದ: ‘ಗೊಲೇರೊ. ಗೆಲೊ!!!’

ಗೊಲೇರೊ ಎಂದರೆ ಗೋಲ್‌ಕೀಪರ್. ಅಷ್ಟನ್ನು ಕಲಿತಿದ್ದೆ. ‘ಗೆಲೊ’ ಎಂದರೆ ನಮ್ಮ ಕೊಂಕಣಿಯಲ್ಲಿ ‘ಹೋದ’.

ಗೋಲ್‌ಕೀಪರ್ ಹೋದ!

ಕೋಚ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಲವೀನಾಳಿಗೆ ಮಾಡಿದೆ.

“ಅಂಗಡಿಗೆ ಹೋಗಿರಬಹುದು, ನೋಡಿ.”

“ಅಂಗಡಿಗೆ ಹೋದವನಿಗೆ ಯಾರಾದ್ರೂ ಮೂರು ಆಶ್ಚರ್ಯಸೂಚಕ ಹಾಕ್ತಾರಾ?”

ಲವೀನಾ ಅತ್ತಳು. ನಾನೂ ಅತ್ತೆ. ಮ್ಯಾನೇಜರ್ ಬಿಳಿಚಿಕೊಂಡು ಲಾಬಿಯ ಸಂಗೀತ ನಿಲ್ಲಿಸಿದರು. ನಮ್ಮ ಪ್ರಾರ್ಥನಾ ಕೂಟದ ಹಿರಿಯರಾದ ಗ್ರೆಗರಿ ಮಾಮ ಊರಾಚೆಯ ಬನಿಯಾಸ್‌ನಿಂದ ಎರಡು ಕಾರು ತುಂಬ ಹಾಡುಗಾರರನ್ನು ಹೇರಿಕೊಂಡು ಬಂದರು. ದಾರಿಯಲ್ಲಿ ಲವೀನಾಳನ್ನೂ ಬಿಳಿ ಹೂವಿನ ದೊಡ್ಡದೊಂದು ಹಾರವನ್ನೂ ಹತ್ತಿಸಿಕೊಂಡಿದ್ದರು.

ತಂಡದ ಬಸ್ಸು ಬಂತು. ಗ್ರೆಗರಿ ಮಾಮ ಕೈ ಎತ್ತಿದರು. ಶವಸಂಸ್ಕಾರದ ಕೀರ್ತನೆ ಶುರುವಾಯಿತು. ಬಾಗಿಲು ತೆರೆಯಿತು.

ಗೋಲ್‌ಕೀಪರ್ ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತಾ ಇಳಿದ!

ಲವೀನಾ ಶಿಲುಬೆಯ ಗುರುತು ಹಾಕಿಕೊಂಡಳು. ಗ್ರೆಗರಿ ಮಾಮನ ಶ್ರುತಿ ತಪ್ಪಿತು. ಗೋಲ್‌ಕೀಪರ್ ಮಾತ್ರ ಇಷ್ಟು ಅದ್ದೂರಿ ಸ್ವಾಗತಕ್ಕೆ ಗದ್ಗದಿತನಾಗಿ ಹಾರವನ್ನು ತಾನೇ ಕೊರಳಿಗೆ ಹಾಕಿಕೊಂಡ. ತಂಡದವರು ಚಪ್ಪಾಳೆ ತಟ್ಟಿದರು.

ಕೋಚ್ ನನ್ನತ್ತ ನುಗ್ಗಿದರು. “ಜೇಲು! ಜೇಲು!”

ಜೈಲು! “ಬೇಡ ಸರ್, ನಾನು ಮಕ್ಕಳೊಂದಿಗ!” ಎಂದು ಕೈಮುಗಿದೆ. ಅವರು ತಲೆ ಚಚ್ಚಿಕೊಂಡು ಜ್ಯೂಸ್ ಕೌಂಟರಿಗೆ ಓಡಿ, ಐಸಿನ ಬಕೆಟ್ ತಂದು ನನ್ನ ಮೂಗಿಗೆ ಹಿಡಿದರು. “ಜೇಲು!”

ಐಸು! ಉಳುಕಿದ ಕಾಲಿಗೆ ಐಸು! ಬರೆಯುವುದು ಗೆಲೊ, ಹೇಳುವುದು ಜೇಲು.

ಅಷ್ಟರಲ್ಲಿ ಆ ಕಾಲು ಹಲಸಿನಕಾಯಿಯಷ್ಟಾಗಿತ್ತು. ಮರುದಿನದ ಅಭ್ಯಾಸ ಪಂದ್ಯಕ್ಕೆ ಅವನಿಲ್ಲ. ತಂಡ ಹೀನಾಯವಾಗಿ ಸೋತಿತು. ದುಭಾಷಿ ಹುದ್ದೆಯಿಂದ ನನ್ನನ್ನು ವಜಾ ಮಾಡಲಾಯಿತು.

ಕ್ಷಮೆ ಕೇಳೋಣವೆಂದು ಅವನ ರೂಮಿಗೆ ಹೋದೆ. ಮೂಗಿನಲ್ಲಿ ಎರಡು ವಾಕ್ಯ ಮುಗಿಸುವಷ್ಟರಲ್ಲಿ ಅವನು ಸ್ಪಷ್ಟ ಇಂಗ್ಲಿಷಿನಲ್ಲಿ, “ಕುಳಿತುಕೊಳ್ಳಿ ಸರ್” ಎಂದ.

“ನಿನಗೆ ಇಂಗ್ಲಿಷ್ ಬರ್ತದಾ? ಇಷ್ಟು ದಿನ ಯಾಕಪ್ಪಾ ಹೇಳಲಿಲ್ಲ?”

“ನೀವು ಅಷ್ಟು ಖುಷಿಯಿಂದ ಮಾತಾಡುತ್ತಿದ್ದಿರಿ. ಮಧ್ಯೆ ಬಾಯಿ ಹಾಕಲು ಮನಸ್ಸಾಗಲಿಲ್ಲ ಸರ್. ನಮಗೆಲ್ಲ ಕೇಳಲು ತುಂಬಾ ಇಷ್ಟ, ನಿಮ್ಮ ಅರಬಿ ಭಾಷೆ!”