ವಡಗೇರಾ ದಾರಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ

ನಡುವಯಸ್ಸಿನಲ್ಲಿ ದುಡಿಯುತ್ತ ಓದುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಸಂಬಳ ತಡವಾಗಬಹುದು, ಮುಖಭಂಗ ತಡವಾಗುವುದಿಲ್ಲ.

ನಾನು ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಕುಡಿಯುವ ನೀರಿನ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆಯ ಸಂಯೋಜಕ. ಶಹಾಪುರದಲ್ಲಿ ಮನೆ, ಇಪ್ಪತ್ತು ವರ್ಷದ ಅನುಭವ. ಎರಡು ವರ್ಷದ ಹಿಂದೆ ಮುಖ್ಯ ಕಚೇರಿಯಿಂದ ಪತ್ರ ಬಂತು. ಸಂಯೋಜಕರಿಗೆ ಇನ್ನು ಮೇಲೆ ಸ್ನಾತಕೋತ್ತರ ಪದವಿ ಇರಲೇಬೇಕು. ಇಲ್ಲದವರು ಎರಡು ವರ್ಷದಲ್ಲಿ ಪಡೆಯಬೇಕು, ಇಲ್ಲವೇ ಕುರ್ಚಿ ಬಿಡಬೇಕು. ನಾನು ವಿದೇಶದ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಕೋರ್ಸಿಗೆ ಸೇರಿದೆ. ವಿಷಯ, ಅಂತರರಾಷ್ಟ್ರೀಯ ಅಭಿವೃದ್ಧಿ. ಸುರಪುರದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿರುವ ನನ್ನ ಹೆಂಡತಿ ಅರ್ಜಿಯನ್ನು ಓದಿ, ಕೆಂಪು ಪೆನ್ನಿನಲ್ಲಿ ನಾಲ್ಕು ತಪ್ಪು ತಿದ್ದಿ, ಒಂದೇ ಪ್ರಶ್ನೆ ಕೇಳಿದಳು. "ಇಪ್ಪತ್ತು ವರ್ಷ ಏನ್ ಮಾಡಿದ್ರಿ ಅನ್ನೋದು ಈಗ ಕಲೀತೀರೇನು?"

ಮುಕ್ತ ಪ್ರಶ್ನೆ

ಮೊದಲ ಪಾಠವೇ ಜನರ ಮಾತು ಕೇಳುವುದು. ಹಳ್ಳಿಗೆ ಹೋಗಿ, ಯಾವ ಸುಳಿವನ್ನೂ ಕೊಡದೆ, ನಿಮ್ಮ ಸಮಸ್ಯೆ ಏನು ಎಂದಷ್ಟೇ ಕೇಳಬೇಕು. ವಡಗೇರಾ ಕಡೆಯ ಒಂದು ಹಳ್ಳಿಯಲ್ಲಿ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಇಪ್ಪತ್ತು ಜನರನ್ನು ಕೂಡಿಸಿ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಮೌನವನ್ನು ಗೌರವಿಸಿ ಎಂದು ಪಠ್ಯದಲ್ಲಿತ್ತು. ಹತ್ತು ನಿಮಿಷ ಗೌರವಿಸಿದೆ.

ಮುಂದೆಯೇ ಒಬ್ಬ ಮುದುಕಿ ಕೂತಿದ್ದಳು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಕೊನೆಗೆ ಆಕೆಯೇ ಬಾಯಿ ಬಿಟ್ಟಳು. "ಯಾವ ಸ್ಕೀಮ್ ಬಂದದ ಅದು ಮೊದ್ಲ ಹೇಳ್ರಿ ಸಾಹೇಬ್ರ. ಸಮಸ್ಯೆ ಅದಕ್ಕ ತಕ್ಕಂಗ ಹೇಳ್ತೀವಿ."

ಸ್ಕೀಮ್ ಯಾವುದೂ ಇಲ್ಲ, ಸುಮ್ಮನೆ ತಿಳಿದುಕೊಳ್ಳಲು ಬಂದಿದ್ದೇನೆ ಎಂದೆ. ಬಟ್ಟೆ ಅಂಗಡಿಯಲ್ಲಿ ಥಾನುಗಟ್ಟಲೆ ಬಿಚ್ಚಿಸಿ ನೋಡಿ, ಏನೂ ಬೇಡ ಎಂದ ಗಿರಾಕಿಯನ್ನು ನೋಡುವಂತೆ ನನ್ನನ್ನು ನೋಡಿದಳು. ಆಮೇಲೆ ಉಳಿದವರ ಕಡೆ ತಿರುಗಿ, "ಏಳ್ರಿ, ಸಾಹೇಬ್ರು ಖಾಲಿ ಕೈಲೆ ಬಂದಾರ" ಎಂದಳು.

ಸಮುದಾಯವು ಮುಕ್ತ ಪ್ರಶ್ನೆಗೆ ಮುಕ್ತ ಪ್ರಶ್ನೆಯಿಂದಲೇ ಉತ್ತರಿಸಿತು ಎಂದು ವರದಿ ಬರೆದೆ. ಒಳ್ಳೆಯ ಅಂಕ ಬಂತು.

ಸುರಪುರದ ಬಸ್ಸು

ತರಗತಿ ಇರುತ್ತಿದ್ದುದು ಸಂಜೆ ಐದಕ್ಕೆ. ಒಂದು ದಿನ ಆ ಹೊತ್ತಿಗೆ ನಾನು ಸುರಪುರದ ಬಸ್ಸಿನಲ್ಲಿದ್ದೆ. ಕಿವಿಗೆ ತಂತಿ ಹಾಕಿಕೊಂಡು ಫೋನಿನಲ್ಲೇ ಕೂತೆ. ಪಾಠ ಮಾಡುವ ಮೇಡಂ, ನಮ್ಮ ಕಡೆಯ ಮಾತಿನಲ್ಲಿ ಪ್ರೊಫೆಸರ್ ಬಾಯಿ, ನಮ್ಮನ್ನು ಇಬ್ಬಿಬ್ಬರನ್ನಾಗಿ ವಿಂಗಡಿಸಿ, ಸಣ್ಣ ರೈತ ಮತ್ತು ಬದಲಾಗುತ್ತಿರುವ ಹವಾಮಾನದ ಬಗ್ಗೆ ಚರ್ಚಿಸಲು ಹೇಳಿದರು. ನನ್ನ ಜೋಡಿಗೆ ಬಂದವನು ಕೆನ್ಯಾ ದೇಶದ ಒಬ್ಬ ಕೃಷಿ ಅಧಿಕಾರಿ. ಓದಬೇಕಿದ್ದ ಲೇಖನವನ್ನು ಅವನು ಓದಿದ್ದ. ನಾನು ಅದರ ಶೀರ್ಷಿಕೆ ಓದಿದ್ದೆ.

ಪಕ್ಕದಲ್ಲಿ ರುಮಾಲು ಸುತ್ತಿದ್ದ ಒಬ್ಬ ರೈತ ಫೋನಿಗೆ ಬಗ್ಗಿ, ಅವರ ಊರಾಗ ಜೋಳ ಬೆಳೀತಾರೇನು ಕೇಳ್ರಿ ಎಂದ. ಕೇಳಿದೆ. ಬೆಳೆಯುತ್ತಾರಂತೆ. ಹಕ್ಕಿ ಕಾಟ ಇದೆಯೇ ಎಂದ. ಇದೆಯಂತೆ. ಅಲ್ಲಿಂದ ಮುಂದೆ ಕಿವಿಯ ತಂತಿಯಲ್ಲಿ ಅರ್ಧ ಅವನ ಪಾಲಾಯಿತು. ಬಿತ್ತಿದ್ದು ಯಾವಾಗ, ಕಣಿಕೆ ಎಷ್ಟುದ್ದ ಬರುತ್ತದೆ, ದನ ತಿನ್ನುತ್ತವೋ ಇಲ್ಲವೋ ಎಂದು ಎರಡು ಖಂಡಗಳು ಮಾತಾಡಿದವು. ನಾನು ನಡುವೆ ತರ್ಜುಮೆ ಮಾಡುತ್ತ ಕೂತೆ. ಇಡೀ ತರಗತಿಯಲ್ಲಿ ಅತ್ಯುತ್ತಮವಾಗಿ ಸಿದ್ಧರಾಗಿ ಬಂದ ಜೋಡಿ ನಮ್ಮದು ಎಂದು ಪ್ರೊಫೆಸರ್ ಬಾಯಿ ಹೊಗಳಿದರು. ಅದನ್ನೂ ರೈತನಿಗೆ ತರ್ಜುಮೆ ಮಾಡಿ ಹೇಳಿದೆ, ಹೇಳಬಾರದಿತ್ತು.

ಸುರಪುರ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವನು ಕೇಳಿದ. "ಅಂವಗ ಒಕ್ಕಲುತನ ಗೊತ್ತದ, ನನಗೂ ಗೊತ್ತದ. ಪದವಿ ನಿಮಗ್ಯಾಕ ಕೊಡ್ತಾರ್ರಿ?"

ನಕ್ಷೆ

ಎರಡನೇ ವರ್ಷ ಪ್ರಬಂಧ ಬರೆಯಬೇಕು. ಕುಡಿಯುವ ನೀರಿನ ಕೆಲಸದಲ್ಲಿ ಜನರ ಪಾಲು ಎಂಬ ವಿಷಯ ತೆಗೆದುಕೊಂಡು ಮತ್ತೆ ಆಯಿಯ ಊರಿಗೇ ಹೋದೆ. ಊರಿನ ನಕ್ಷೆಯನ್ನು ಜನರೇ ನೆಲದ ಮೇಲೆ ಬರೆಯಬೇಕು ಎನ್ನುವುದು ಪದ್ಧತಿ. ಕಡ್ಡಿಯಲ್ಲಿ ಗೀಚಿದರೆ ಸಾಕು ಎಂದಿತ್ತು ಪುಸ್ತಕ. ನಾನು ಬುದ್ಧಿವಂತನಾಗಿ ರಂಗೋಲಿ ಪುಡಿ ಒಯ್ದೆ.

ಹೆಣ್ಣುಮಕ್ಕಳು ಗುಡಿ ಮುಂದಿನ ದಾರಿಯ ಮೇಲೆ ಒಂದು ತಾಸಿನಲ್ಲಿ ಓಣಿ, ಬಾವಿ, ನೀರಿನ ಟಾಕಿ, ನಳ, ಶಾಲೆ ಎಲ್ಲ ಬಿಡಿಸಿದರು. ನಾನು ನಡುವೆ ನಿಂತು ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಬ್ಬಾಕೆ ಬಾವಿ ಇದ್ದ ಕಡೆ ಅರಿಶಿನ ಕುಂಕುಮ ಇಟ್ಟಳು, ಗಂಗವ್ವ ಇರುವ ಜಾಗವಲ್ಲವೇ. ಇನ್ನೊಬ್ಬಾಕೆ ಹೂ ಏರಿಸಿದಳು. ಊದಿನಕಡ್ಡಿ ಬಂತು, ತೆಂಗಿನಕಾಯಿಯೂ ಒಡೆಯಿತು.

ಈಗ ಎರಡನೇ ನಕ್ಷೆಗಾಗಿ ನಳಗಳನ್ನು ಒರೆಸಿ, ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಹೊಸದಾಗಿ ಬರೆಯೋಣ ಎಂದೆ. ಪೂಜಿ ಆದಮೇಲೆ ಗಂಗವ್ವನನ್ನು ಒರೆಸುವವರು ಯಾವ ಊರವರು ಎಂದು ಆಯಿ ವಿಚಾರಿಸಿದಳು. ಆಗಲೇ ಎಲ್ಲರ ಕಣ್ಣು ನನ್ನ ಕಾಲಿನ ಮೇಲೆ ಬಿದ್ದದ್ದು. ನಾನು ಬೂಟು ಹಾಕಿಕೊಂಡು ಸರಿಯಾಗಿ ಊರ ನಡುವೆ ನಿಂತಿದ್ದೆ. ಯಾವ ಕಡೆ ಕಾಲಿಟ್ಟರೂ ಯಾರದೋ ಮನೆ. ಕೊನೆಗೆ ಇಬ್ಬರು ಗಂಡಸರು ಹೊರಗಿನಿಂದ ಬಗ್ಗಿ, ನನ್ನ ಕಂಕುಳಿಗೆ ಕೈ ಹಾಕಿ, ತೊಗರಿ ಚೀಲ ಎತ್ತಿದಂತೆ ಎತ್ತಿ ಆಚೆ ಇಟ್ಟರು. ಮೂರು ದಿನ ಟ್ರ್ಯಾಕ್ಟರುಗಳು ಆ ನಕ್ಷೆಗೆ ಸುತ್ತುಹಾಕಿ ಹೋದವು.

ಎರಡನೇ ನಕ್ಷೆ ಇಲ್ಲದೆ, ಇದ್ದೊಂದರ ಫೋಟೋವನ್ನೇ ಕಳಿಸಿದೆ. ಪ್ರೊಫೆಸರ್ ಬಾಯಿಯ ಉತ್ತರ ಬಂತು. ಸಮುದಾಯವು ನಕ್ಷೆಯನ್ನು ತನ್ನದಾಗಿಸಿಕೊಂಡಿದೆ. ಸಂಶೋಧಕ ಮಧ್ಯೆ ಪ್ರವೇಶಿಸದೆ ಹೊರಗೆ ನಿಂತದ್ದು ಮೆಚ್ಚತಕ್ಕದ್ದು.

ಮೌಖಿಕ ಪರೀಕ್ಷೆ

ಕೊನೆಗೆ ಉಳಿದದ್ದು ಮೌಖಿಕ ಪರೀಕ್ಷೆ. ಅದರಲ್ಲಿ ಬಿದ್ದರೆ ಪದವಿಯೂ ಇಲ್ಲ, ಕುರ್ಚಿಯೂ ಇಲ್ಲ. ಅಧ್ಯಯನ ನಡೆದ ಊರಿನವರೊಬ್ಬರು ಅಭ್ಯರ್ಥಿಯ ಜೊತೆ ಕೂರಬೇಕು ಎಂಬುದು ನಿಯಮ. ನಾನು ಮಿತಭಾಷಿಯಾದ ಒಬ್ಬ ಮಾಸ್ತರರನ್ನು ಗೊತ್ತುಮಾಡಿದ್ದೆ. ಊರವರು ತಮ್ಮೊಳಗೇ ಚರ್ಚಿಸಿ ಆಯಿಯನ್ನು ಕಳಿಸಿದರು. ಜನರ ಪಾಲು ನನ್ನ ಪ್ರಬಂಧದ ವಿಷಯವೇ ಆದ್ದರಿಂದ ಬೇಡ ಎನ್ನುವ ಹಾಗಿರಲಿಲ್ಲ.

ಸಮುದಾಯ ಭವನದಲ್ಲಿ ಲ್ಯಾಪ್‌ಟಾಪ್ ಇಟ್ಟು ಇಬ್ಬರೂ ಕೂತೆವು. ಪರದೆಯ ಮೇಲೆ ಪ್ರೊಫೆಸರ್ ಬಾಯಿ, ಅವರ ಪಕ್ಕ ನಗದ ಒಬ್ಬ ಹೊರಗಿನ ಪರೀಕ್ಷಕ. ತರ್ಜುಮೆ ಮಾಡುವವನು ನಾನೇ ಎನ್ನುವುದೊಂದೇ ಧೈರ್ಯ. ಅರ್ಧ ತಾಸು ನನ್ನನ್ನು ಜರಡಿ ಹಿಡಿದ ಮೇಲೆ ಪರೀಕ್ಷಕ ಆಯಿಗೆ ಪ್ರಶ್ನೆ ಹಾಕಿದ. ಈ ಅಧ್ಯಯನದಿಂದ ನಿಮ್ಮ ಊರಿನಲ್ಲಿ ಏನು ಬದಲಾಯಿತು?

ಆಯಿ ಮಾತಿಗೊಂದು ಬೆರಳು ಮಡಚುತ್ತ ಹೇಳಿದಳು. "ಮೊದ್ಲ ಸಾಹೇಬ್ರು ಬರ್ತಿದ್ರು, ಹೇಳ್ತಿದ್ರು, ಹೋಗ್ತಿದ್ರು. ಈಗ ಬರ್ತಾರ, ಕೇಳ್ತಾರ, ಹೋಗ್ತಾರ. ನಳದಾಗ ನೀರು ಆಗೂ ಬರ್ತಿರ್ಲಿಲ್ಲ, ಈಗೂ ಬರಂಗಿಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೊದಲು ನಾವು ಬಂದು ಸೂಚನೆ ಕೊಡುತ್ತಿದ್ದೆವಂತೆ, ಈಗ ಬಂದು ಜನರ ಮಾತು ಕೇಳುತ್ತೇವಂತೆ. ಪ್ರೊಫೆಸರ್ ಬಾಯಿ ತಲೆಯಾಡಿಸಿದರು. ಪರೀಕ್ಷಕ ತಲೆಯಾಡಿಸಲಿಲ್ಲ. ಆಕೆ ಮೂರು ಬೆರಳು ಮಡಚಿದಳು, ನೀವು ಎರಡೇ ಹೇಳಿದಿರಿ ಎಂದ.

ಆಯಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಅವನು ಎತ್ತಿ ತೋರಿಸಿದ ಮೂರು ಬೆರಳು ಅರ್ಥವಾಯಿತು. ತಾನೂ ಮೂರನೆಯ ಬೆರಳನ್ನು ಬಿಚ್ಚಿ, ನನ್ನ ಮುಖದ ಮುಂದೆ ಹಿಡಿದು, ಮತ್ತೆ ಮಡಚಿದಳು. ನಾನು ಮೂರನೆಯದನ್ನೂ ತರ್ಜುಮೆ ಮಾಡಿದೆ, ಒಂದಕ್ಷರ ಬಿಡದೆ.

ಅವರಿಬ್ಬರೂ ಧ್ವನಿ ಬಂದ್ ಮಾಡಿಕೊಂಡು ಮಾತಾಡಿದರು. ಇಪ್ಪತ್ತು ವರ್ಷದ ಕುರ್ಚಿ ನನ್ನ ಕೆಳಗೆ ಅಲುಗಾಡುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಆಮೇಲೆ ಪರೀಕ್ಷಕ ತೀರ್ಪು ಹೇಳಿದ. ಪ್ರಬಂಧಕ್ಕೆ ನಾನು ಬರೆದ ಆರು ಪುಟದ ಉಪಸಂಹಾರ ತೆಗೆಯಬೇಕು, ಅಲ್ಲಿ ಈ ಹೆಣ್ಣುಮಗಳ ಮೂರು ಮಾತು ಹಾಕಬೇಕು. ಅಷ್ಟು ಮಾಡಿದರೆ ತೇರ್ಗಡೆ.

ಲ್ಯಾಪ್‌ಟಾಪ್ ಮುಚ್ಚಿದೆ. ಏನಂದ್ರು ಎಂದು ಆಯಿ ಕೇಳಿದಳು. ಪಾಸ್ ಅಂದ್ರು ಎಂದೆ.

ಆಕೆ ಸೆರಗು ಕೊಡವಿ ಎದ್ದಳು. "ನಂದು ಆಗೇ ಆಗ್ತದ, ಇದ್ದದ್ದ ಹೇಳೀನಿ. ನಿಮ್ದೇನಂದ್ರು?"