ನೂರೈವತ್ತು ವೋಲ್ಟಿನ ಊರು

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಗುಣಿಸಿದರೆ ಪವರ್. ಹೈಸ್ಕೂಲಿನಲ್ಲಿ ಇದನ್ನು ಕಲಿಸುವುದಕ್ಕೆ ನನಗೆ ಸಂಬಳ ಬರುತ್ತದೆ. ಇದೇ ಮಾತನ್ನು ಕಾನಸೂರಿನ ನಮ್ಮ ಕೇರಿಯಲ್ಲಿ ಬಾಯಿಬಿಟ್ಟಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ, ಮತ್ತು ಒಮ್ಮೆಯೂ ಒಳ್ಳೆಯದಾಗಿದ್ದಿಲ್ಲ.

ಕಾಯಿಲ್

ಪಕ್ಕದ ಮನೆಯವನನ್ನು ನಾನು ಕರೆಯುವುದೇ ಭಾವ ಎಂದು. ಅವನಿಗೆ ಮಂಡಿನೋವು. ಬಚ್ಚಲ ಒಲೆಯ ಮುಂದೆ ಕೂತು ಬೆಂಕಿ ಊದಲು ಆಗುವುದಿಲ್ಲವೆಂದು ಶಿರಸಿಯಿಂದ ಸ್ನಾನದ ನೀರು ಕಾಯಿಸುವ ಕಾಯಿಲ್ ತಂದ. ಮರುದಿನ ಬೆಳಿಗ್ಗೆಯೇ ಅದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದ.

"ಮಾಸ್ತರೇ, ಅಂಗಡಿಯಂವ ಟೋಪಿ ಹಾಕಿದ್ದ. ಸಾವಿರ ವ್ಯಾಟ್ ಹೇಳಿ ಕೊಟ್ಟಿದ್ದ, ನೀರು ಉಗುರುಬೆಚ್ಚಗೂ ಆಗ್ತಿಲ್ಲೆ."

ನಾನು ಮೀಟರ್ ತೆಗೆದುಕೊಂಡು ಅವನ ಬಚ್ಚಲಿಗೇ ಹೋದೆ. ವೋಲ್ಟೇಜ್ ನೂರೈವತ್ತು, ಕರೆಂಟು ಎರಡು ಪಾಯಿಂಟ್ ಎಂಟು ಆಂಪಿಯರ್. ಭಾಗಿಸಿದರೆ ಐವತ್ತಮೂರು ಚಿಲ್ಲರೆ ಓಮ್. ಸಾವಿರ ವ್ಯಾಟಿನ ಕಾಯಿಲಿಗೆ ಇರಬೇಕಾದಷ್ಟೇ ಇದೆ. ಗುಣಿಸಿದರೆ ನಾನೂರಿಪ್ಪತ್ತು ವ್ಯಾಟ್. ಕಾಯಿಲ್ ಅಸಲಿಯೇ, ಇನ್ನೂರ ಮೂವತ್ತು ಬೇಕಾದಲ್ಲಿ ಅದಕ್ಕೆ ಸಿಗುವ ವೋಲ್ಟೇಜೇ ಕಮ್ಮಿ, ಶಿರಸಿಯ ಅಂಗಡಿಯಲ್ಲಿ ಹಾಕಿದರೆ ಈಗಲೂ ನೀರು ಕುದಿಯುತ್ತದೆ ಎಂದು ಬಿಡಿಸಿ ಹೇಳಿದೆ.

ಭಾವ ಬಕೆಟ್ಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಹಂಗಾರೆ ಆನು ಮೀಯಲೆ ಶಿರಸಿಗೇ ಹೋಗವಾ?"

ಮೋಟಾರು

ನಮ್ಮ ಕೇರಿಯ ತುದಿಗೆ ಹಿಟ್ಟಿನ ಗಿರಣಿ ಇತ್ತು. ಅದು ನನ್ನ ತಂಗಿಯದು. ಗಂಡ ತೀರಿಕೊಂಡ ಮೇಲೆ ಅವಳ ಸಂಸಾರ ನಡೆಯುತ್ತಿದ್ದುದೇ ಆ ಗಿರಣಿಯಿಂದ. ಆ ಮಳೆಗಾಲದಲ್ಲಿ ಅದರ ಮೋಟಾರು ಸುಟ್ಟಿತು. ಸಿದ್ದಾಪುರಕ್ಕೆ ಒಯ್ದು ತಂತಿ ಸುತ್ತಿಸಿ ತಂದರೆ ಮತ್ತೆ ಸುಟ್ಟಿತು. ಮತ್ತೆ ಸುತ್ತಿಸುತ್ತೇನೆ, ಇನ್ನೊಮ್ಮೆ ಸುಟ್ಟರೆ ಗಿರಣಿಗೆ ಬೀಗವೇ ಸೈ ಎಂದಳು.

ಸುಟ್ಟ ವಾಸನೆಯ ನಡುವೆ ನಿಂತು ನಾನು ಪಾಠ ಶುರುಮಾಡಿದೆ. ಕಾಯಿಲಿಗೆ ವೋಲ್ಟೇಜ್ ಇಳಿದರೆ ಅದು ತೆಪ್ಪಗೆ ಕಮ್ಮಿ ಕಾಯುತ್ತದೆ. ಮೋಟಾರು ಹಾಗಲ್ಲ. ಕಲ್ಲನ್ನು ತಿರುಗಿಸಲೇಬೇಕಲ್ಲ, ವೋಲ್ಟೇಜ್ ಕಮ್ಮಿಯಾದಷ್ಟೂ ಕರೆಂಟನ್ನು ಜಾಸ್ತಿ ಎಳೆಯುತ್ತದೆ, ಎಳೆದೆಳೆದು ಬಿಸಿಯಾಗಿ ಸುಡುತ್ತದೆ.

ತಂಗಿ ಸೆರಗಿನಿಂದ ಹಿಟ್ಟು ಕೊಡವಿಕೊಂಡಳು. "ಕೊಡದು ಕಮ್ಮಿ, ಕೆಲ್ಸ ಮಾತ್ರ ಅಷ್ಟೇ ಕೇಳಿದ್ರೆ ಯಾರಾದ್ರೂ ಸುಟ್ಟೇ ಹೋಗ್ತ. ಇದು ಗೊತ್ತಪ್ಪಲೆ ನಿಂಗೆ ಮೀಟರ್ ಬೇಕಾತಾ ಅಣ್ಣಾ?"

ಸಾಹೇಬರ ಆಸರಿಗೆ

ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು, ಎಲ್ಲರೂ ಒಟ್ಟಿಗೆ ಹಾಕಿದರೆ, ಅದರಲ್ಲೂ ಗಿರಣಿ ಓಡಿದರೆ, ಈಗಿನ ಸಣ್ಣದಕ್ಕೆ ತಾಳದೆ ವೋಲ್ಟೇಜ್ ಕುಸಿಯುತ್ತದೆ ಎಂದು ವಿದ್ಯುತ್ ಕಚೇರಿಗೆ ಅಲೆದೆ. ಹಾವೇರಿ ಕಡೆಯಿಂದ ವರ್ಗವಾಗಿ ಬಂದಿದ್ದ ಸಾಹೇಬರು ಕಡೆಗೂ ಒಂದು ಬೆಳಿಗ್ಗೆ ಅಳೆಯಲು ಬರುತ್ತೇನೆಂದರು. ಗಿರಣಿ ಓಡುತ್ತಿರಲಿ, ಎಲ್ಲರ ಮನೆಯಲ್ಲೂ ಎಲ್ಲ ಚಾಲೂ ಇರಲಿ, ಅವರು ಕಣ್ಣಾರೆ ನೋಡಲಿ ಎಂದು ಮನೆಮನೆಗೂ ಹೇಳಿಬಂದೆ. ಎಲ್ಲರೂ ತಲೆಯಾಡಿಸಿದರು.

ಆದರೆ ಸಾಹೇಬರು ಮೊದಲು ಹೊಕ್ಕಿದ್ದು ಭಾವನ ಮನೆಗೆ. ಮನೆಗೆ ಬಂದವರನ್ನು ಆಸರಿಗೆ ಕೇಳದೆ, ಕುಡಿಯಲು ಏನೂ ಕೊಡದೆ ಕಳಿಸುವುದು ನಮ್ಮಲ್ಲಿ ಕೊಲೆಗಿಂತ ದೊಡ್ಡ ತಪ್ಪು. ಭಾವ ಅನಾನಸ್ ಹೆಚ್ಚಿ ಮಿಕ್ಸಿಗೆ ಹಾಕಿದ. ಮಿಕ್ಸಿ ನರಳಿತು, ತಿರುಗಲಿಲ್ಲ. ಅವನಿಗೆ ಮರ್ಯಾದೆ ಹೋದಂತಾಯಿತು. ಹಿತ್ತಲಿಗೆ ಓಡಿ ಕೇರಿಗೆಲ್ಲ ಕೇಳುವಂತೆ ಕೂಗಿದ: "ಸಾಹೇಬ್ರಿಗೆ ಜ್ಯೂಸ್ ಮಾಡ್ತಾ ಇದ್ದಿ! ಯಾರೂ ಎಂತದೂ ಹಾಕಡಿ!"

ಪಂಪು ನಿಂತಿತು, ಫ್ರಿಜ್ಜು ನಿಂತಿತು, ಟೀವಿ ನಿಂತಿತು. ಸಾಹೇಬರ ಮೇಲಿನ ಗೌರವಕ್ಕೆ ನನ್ನ ತಂಗಿಯೂ ಗಿರಣಿ ನಿಲ್ಲಿಸಿದಳು. ಮಿಕ್ಸಿ ಭರ್ರೆಂದು ತಿರುಗಿತು. ಸಾಹೇಬರು ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಮೀಟರ್ ನೋಡಿದರು.

"ನೋಡ್ರಿ ಮಾಸ್ತರ್ರ, ಎರಡ್ನೂರಾ ಇಪ್ಪತ್ತೆಂಟು! ನಮ್ಮ ಹಾವೇರಿಯಾಗೂ ಇಷ್ಟು ಬರಂಗಿಲ್ಲ. ನಿಮಗ್ಯಾಕ್ರಿ ಟ್ರಾನ್ಸ್‌ಫಾರ್ಮರ್ರು?"

ಈಗ ಗಿರಣಿ ಹಾಕಿಸಿ ಅಳೆಯಿರಿ ಎಂದು ಗೋಗರೆದೆ. "ನಾ ಬಂದ ಹೊತ್ತಿನ್ಯಾಗ ಏನಿತ್ತೋ ಅದ್ನ ಬರ್ಯಾದ್ರಿ," ಎಂದು ಜೀಪು ಹತ್ತಿದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಭಾವ ಮಾತ್ರ ಖಾಲಿ ಲೋಟ ಹಿಡಿದು ಬೀಗುತ್ತಿದ್ದ: "ಸಾಹೇಬ್ರು ಎರಡ್ನೇ ಸಲ ಹಾಕಿಸ್ಕಂಡು ಕುಡಿದ್ರು!"

ಚಕ್ಕುಲಿ ಕಂಬಳ

ಚೌತಿ ಹತ್ತಿರ ಬಂತು. ಎಲ್ಲರ ಮನೆಯ ಚಕ್ಕುಲಿ ಅಕ್ಕಿಯೂ ಬೀಸಲು ಗಿರಣಿಗೆ ಬರುವ ವಾರ ಅದು. ತಂಗಿ ಇಡೀ ವರ್ಷ ಕಾಯುತ್ತಿದ್ದುದೂ ಅದಕ್ಕೇ. ಅದರ ಮೊದಲ ದಿನವೇ ಮೋಟಾರು ಮೂರನೆಯ ಸಲ ಸುಟ್ಟಿತು. ಅವಳು ಬೀಗ ಹಾಕಿ ಕೀಲಿಯನ್ನು ದೇವರ ಗೂಡಿನಲ್ಲಿಟ್ಟಳು. ಆಮೇಲೆ ಬೇರೆಯವರ ಮನೆಯ ಅಡಿಗೆ ಕೆಲಸಕ್ಕೆ ಹೋಗತೊಡಗಿದಳು. ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹಬ್ಬಕ್ಕೆ ಮುಂಚೆ ಭಾವನ ಮನೆಯಲ್ಲಿ ಚಕ್ಕುಲಿ ಕಂಬಳ. ಕೇರಿಯವರೆಲ್ಲ ಒಟ್ಟಿಗೆ ಕೂತು ಕೈಯಲ್ಲಿ ಚಕ್ಕುಲಿ ಸುತ್ತುವುದು ನಮ್ಮ ಪದ್ಧತಿ. ತಂಗಿಯೂ ಬಂದು ಮೂಲೆಯಲ್ಲಿ ಕೂತಿದ್ದಳು. ನಡುವೆ ಭಾವ ಎದ್ದು ನಿಂತು ನನಗೊಂದು ಶಾಲು ಹೊದಿಸಿಬಿಟ್ಟ.

"ಮಾಸ್ತರು ಕಚೇರಿಗೆ ಅಲೆದಿದ್ದು ಸಾರ್ಥಕ ಆತು. ಹೋದ ವಾರದಿಂದ ಎಂತಾ ವೋಲ್ಟೇಜ್! ಕಾಯಿಲ್ ಹಾಕಿದ್ರೆ ನೀರು ಕೊತಕೊತ ಕುದೀತು!"

ಎಲ್ಲರೂ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಗಿರಣಿ ನಿಂತಿದ್ದಕ್ಕೇ ವೋಲ್ಟೇಜ್ ಏರಿದ್ದು ಎಂದು ಹೇಳಲು ಬಾಯಿ ತೆರೆದೆ. ತಂಗಿ ಬೇಡವೆಂಬಂತೆ ತಲೆಯಾಡಿಸಿದಳು. "ಹಿಟ್ಟು ಎಲ್ಲಿ ಮಾಡಿಸಿದ್ದು?" ಎಂದಷ್ಟೇ ಭಾವನನ್ನು ಕೇಳಿದೆ.

"ಸಿದ್ದಾಪುರಕ್ಕೆ ಹೋಗಿ ಬೀಸಿಸ್ಕಂಡು ಬಂದಿ ಮಾರಾಯ, ಬಸ್ಸಲ್ಲಿ ನಿಂತು ನಿಂತು ಮಂಡಿ ಬಿದ್ದೇ ಹೋತು," ಎಂದ ಭಾವ. ಆಮೇಲೆ ನಿಜವಾದ ಮರುಕದಿಂದ ನನ್ನ ತಂಗಿಯ ಕಡೆ ತಿರುಗಿದ.

"ಅಲ್ಲ ತಂಗೀ, ಇಷ್ಟು ಚಲೋ ವೋಲ್ಟೇಜ್ ಇಪ್ಪಾಗ ನೀನು ಗಿರಣಿ ಬಂದ್ ಮಾಡಿದ್ದು ಎಂತಕ್ಕೆ?"