ಎರಡನೆಯ ಕರೆಯನ್ನು ನುಂಗಿದ ಪಟ್ಟಿಗೆ

ಮಾನ್ಯ ನಕ್ಷತ್ರಪಟ್ಟಿಯವರೇ,

ಬಳಗಾನೂರಿನ ದೊಡ್ಡಬಸಪ್ಪನವರ ಧರ್ಮಪತ್ನಿ, ಎಸ್.ಎಸ್.ಎಲ್.ಸಿ.ಯನ್ನು ಮೊದಲನೆಯ ಸಲಕ್ಕೇ ಪಾಸು ಮಾಡಿದ ಶಂಕ್ರಮ್ಮ ಸಲ್ಲಿಸುವ ಶರಣು ಶರಣಾರ್ಥಿ. ಮಾಡಬೇಕಾದ ಕೆಲಸಗಳನ್ನೆಲ್ಲ ನೆನಪಿಟ್ಟುಕೊಳ್ಳುವ ತಾವು ನನ್ನ ಸೊಸೆ ಅನುಪಮಾಳ ಲ್ಯಾಪ್‌ಟಾಪಿನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಈಗ ಅಷ್ಟು ಆರೈಕೆ ಇಲ್ಲ.

ತಮ್ಮ ಸರಳತೆಯನ್ನು ಎಷ್ಟು ಹೊಗಳಿದರೂ ಸಾಲದು. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಸಾಲಿನ ಮುಂದೆ ಒಂದು ನಕ್ಷತ್ರವಿದ್ದರೆ ಅದು ತಲೆಬರಹ, ಎರಡು ಮೂರು ಇದ್ದರೆ ಅದರ ಹೊಟ್ಟೆಯೊಳಗಿನ ಕೆಲಸ. ‘ಅತ್ತೆಯವರು’ ಎಂಬ ಸಾಲಿಗೆ ಮೂರು ನಕ್ಷತ್ರ ಕಂಡು ನಾನು ಎರಡು ದಿನ ಪೊಲೀಸ್ ಇನ್ಸ್‌ಪೆಕ್ಟರರಂತೆ ಓಡಾಡಿದೆ. ನಕ್ಷತ್ರ ಹೆಚ್ಚಾದಷ್ಟೂ ಮನುಷ್ಯ ಕೆಳಗಿಳಿಯುತ್ತಾನೆಂದು ಆಮೇಲೆ ತಿಳಿಯಿತು. ನಾನು ‘ಮನೆ’ಯ ಒಳಗಿನ ‘ಅಡುಗೆಮನೆ’ಯ ಒಳಗೆ, ಗ್ಯಾಸ್ ಸಿಲಿಂಡರಿನ ಕೆಳಗೆ ಇದ್ದೆ. ನನ್ನ ಕೆಳಗೆ ‘ಬಿ.ಪಿ. ಗುಳಿಗೆ’ ಮತ್ತು ‘ಸಮಾಧಾನ ಮಾಡುವುದು, ದಿನಾಲೂ’ ಎಂದಿತ್ತು. ಸೊಸೆ ಒಂದು ಕೀಲಿ ಒತ್ತಿದಳು. ನಾವೆಲ್ಲರೂ ಸಿಲಿಂಡರಿನ ಸಮೇತ ಮಡಚಿಕೊಂಡು ಒಂದೇ ಸಾಲಾದೆವು. ನಲವತ್ತು ವರ್ಷ ಸಂಸಾರ ಮಾಡಿ ನನ್ನಿಂದಾಗದ ಒಗ್ಗಟ್ಟನ್ನು ತಾವು ಒಂದು ಬೆರಳಿನಲ್ಲಿ ಸಾಧಿಸಿದಿರಿ.

ಇದನ್ನೆಲ್ಲ ನುಂಗಿಕೊಂಡೆ. ಆದರೆ ಮೊಮ್ಮಗಳ ತೊಟ್ಟಿಲ ಕಾರ್ಯದ ದಿನ ನಡೆದದ್ದನ್ನು ನುಂಗಲಾಗದು. ನಮ್ಮ ಓಣಿಯ ರೂಢಿ ತಮಗೆ ಗೊತ್ತಿರಲಾರದು. ಮುಂಜಾನೆ ಮನೆಗೆ ಹೋಗಿ ಹೇಳಿ ಬಂದರೆ ಅದು ಅರ್ಧ ಕರೆ. ಅಡುಗೆಯಾಗಿ ಎಲೆ ಹಾಕಿದ ಮೇಲೆ ಇನ್ನೊಮ್ಮೆ ಹೋಗಿ ಎಬ್ಬಿಸಿಕೊಂಡು ಬರಬೇಕು. ಅಲ್ಲಿಯವರೆಗೆ ಮರ್ಯಾದಸ್ಥರು ಹಸಿದು ಸತ್ತರೂ ಹೊಸ್ತಿಲು ದಾಟುವುದಿಲ್ಲ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಪಾರ್ವತೆಮ್ಮನಿಗೂ ನನಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಇದೊಂದು ಕಾರ್ಯದಲ್ಲಿ ಮನೆಗಳು ಕೂಡಲಿ ಎಂದು, ನಾನು ಸೋತಂತೆ ಕಾಣದ ಹಾಗೆ, ಎರಡೂ ಕರೆಗೆ ಸೊಸೆಯನ್ನೇ ಕಳಿಸುವುದೆಂದು ಗೊತ್ತುಮಾಡಿದ್ದೆ. ಮೊದಲನೆಯ ಕರೆ ಆದ ಕೂಡಲೇ ತಾವು ‘ಪಾರ್ವತೆಮ್ಮನವರನ್ನು ಕರೆಯುವುದು’ ಎಂಬ ಸಾಲಿನ ಮೇಲೆ ‘ಮುಗಿದಿದೆ’ ಎಂದು ಬರೆದುಕೊಂಡು, ಹಳೆಯ ಕೆಲಸಗಳ ಗಂಟಿನೊಳಗೆ ಹಾಕಿ ಕಟ್ಟಿಟ್ಟಿರಿ.

ಮಧ್ಯಾಹ್ನ ಮೂರಾಯಿತು. ಜವಳಗೇರಾದ ಬೀಗರು ಉಂಡು ಬಸ್ಸು ಹತ್ತಿದರು. ಪಾರ್ವತೆಮ್ಮನ ಸುಳಿವಿಲ್ಲ. ಕೇಳಿದರೆ ಸೊಸೆ ತಮ್ಮನ್ನೇ ತೆರೆದು ತೋರಿಸಿ, “ಕರಿಯೋದು ಆಗೈತ್ರಿ ಅತ್ತಿ, ಮುಗದೈತಿ ಅಂತ ಬಂದೈತಿ ನೋಡ್ರಿ” ಎಂದಳು.

ಕಡೆಗೆ ನಾನೇ ಹೋಗಬೇಕಾಯಿತು. ಹನ್ನೊಂದು ವರ್ಷ ತುಳಿಯದ ಕಟ್ಟೆಯ ಮೇಲೆ ಪಾರ್ವತೆಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. “ಬೇಕಂತ ಅರ್ಧಾ ಕರದು ಬಿಟ್ಟೀಯೇನಕ್ಕಾ? ಮುಂಜಾನಿಂದ ನೀರೂ ಕುಡದಿಲ್ಲ ನಾ” ಎಂದಳು. ತಪ್ಪು ಒಂದು ಪಟ್ಟಿಯದು ಎಂದರೆ ಯಾರು ನಂಬುತ್ತಾರೆ? “ಏಳ ಪಾರ್ವತಿ, ಊಟಕ್ಕ” ಎಂದೆ. “ಸರಿಯಾಗಿ ಕೇಳಸಲಿಲ್ಲ, ಇನ್ನೊಮ್ಮಿ ಅನ್ನು” ಎಂದಳು. ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ಇನ್ನೊಮ್ಮೆ ಎಂದೆ. ಬಂದಳು, ಆರಿದ ಹೋಳಿಗೆ ನಾಲ್ಕು ಉಂಡು, ಹೂರಣಕ್ಕೆ ಏಲಕ್ಕಿ ಸಾಲದೆಂದು ಹೇಳಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸಂಜೆಯವರೆಗೆ ಕೆಳಗಿಳಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ಬಿನ್ನಹವೇನೆಂದರೆ: ‘ಮಾಡಬೇಕು’, ‘ಮುಗಿದಿದೆ’ ಎಂಬ ಎರಡರ ನಡುವೆ ‘ಕರೆದಾಗಿದೆ, ಇನ್ನೂ ಕರೆಯಬೇಕು’ ಎಂಬುದೊಂದನ್ನು ಈ ವಾರದೊಳಗೆ ಹುಟ್ಟಿಸಬೇಕು. ತಾವು ಖುದ್ದಾಗಿ ಕುಪ್ಪಸದ ಬಟ್ಟೆ, ಅರಿಸಿನ ಕುಂಕುಮ ಹಿಡಿದು ಪಾರ್ವತೆಮ್ಮನ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕು. ಕಾಲಿಲ್ಲವೆಂಬ ನೆಪ ಬೇಡ. ಮಸ್ಕಿಯ ಕಚೇರಿಗೆ ನನ್ನ ಸೊಸೆಯೊಡನೆ ದಿನಾಲೂ ಬಸ್ಸಿನಲ್ಲಿ ಹೋಗುವುದು ನನಗೆ ಗೊತ್ತಿದೆ.

ಮಡಚಿದಲ್ಲಿಂದಲೇ ತಲೆ ಎತ್ತಿ ಬರೆಯುತ್ತಿರುವ,
ತಮ್ಮ ವಿಶ್ವಾಸಿ,
ಶಂಕ್ರಮ್ಮ

ತಾ.ಕ.: ಇಂದು ಪಾರ್ವತೆಮ್ಮನ ಮನೆಯಲ್ಲಿ ನಮಗೆ ಊಟ. ಮುಂಜಾನೆ ಆಕೆಯ ಮಗ ಬಸವಲಿಂಗ ಬಂದು ಹೇಳಿ ಹೋದ. ಹೋಗುವಾಗ ಸೊಸೆಯಿಂದ ತಮ್ಮನ್ನು ತನ್ನ ಫೋನಿಗೆ ಹಾಕಿಸಿಕೊಂಡ. ಈಗ ಎರಡೂವರೆ. ಒಗ್ಗರಣೆಯ ವಾಸನೆ ಬಂದಿದೆ, ಕರೆ ಬಂದಿಲ್ಲ. ಅಲ್ಲಿ ಏನು ಬರೆದುಕೊಂಡು ಕೂತಿದ್ದೀರೆಂದು ಕೂಡಲೇ ತಿಳಿಸುವುದು. ನಾನು ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದೇನೆ.